ಗೌರಿ ಯಾರ ಮನೆಯಲ್ಲಿ ಓದಬೇಕು

ಬಾಗಲಗುಂಟೆ
27 ಜುಲೈ 2025, ಭಾನುವಾರ

ಚಿ. ಗೌರಿಗೆ,

ನೀನು ಬೇಗೂರಿಗೆ ಹೋಗಿ ಎರಡು ವಾರವಾಯಿತು. ನಿನ್ನ ಮೊಬೈಲು ನನ್ನ ಬೀರುವಿನಲ್ಲಿ ಸೀರೆಗಳ ಕೆಳಗಿದೆ. ಡಿಸೆಂಬರ್ ಏಳಕ್ಕೆ ಲಾ ಕಾಲೇಜಿನ ಕ್ಲಾಟ್ ಪರೀಕ್ಷೆ ಮುಗಿಯುವವರೆಗೆ ಅದನ್ನು ಮುಟ್ಟುವುದಿಲ್ಲವೆಂದು ನೀನೇ ಕೊಟ್ಟು ಹೋದದ್ದು. ಒಳ್ಳೆಯ ತೀರ್ಮಾನ. ಆದರೆ ಅದರಿಂದ ನಿನ್ನ ದನಿ ಕೇಳುವ ದಾರಿ ನನಗೆ ಮುಚ್ಚಿಹೋಯಿತು.

ಚಿಕ್ಕಮ್ಮನ ನಂಬರಿಗೆ ಮಾಡು ಎಂದು ನಿಮ್ಮಪ್ಪ ದಿನಾ ಹೇಳುತ್ತಾರೆ. ನಾನು ಮಾಡುವುದಿಲ್ಲ. ಕಾರಣ ನಿನಗೆ ಗೊತ್ತು. ಯುಗಾದಿಯ ದಿನ ಚಿಕ್ಕಬಾಣಾವರದಲ್ಲಿ, ಅಜ್ಜಿಯ ಮನೆಯ ಪಂಕ್ತಿಯಲ್ಲಿ ಕೂತಿದ್ದ ಅಷ್ಟೂ ಜನ ಕೇಳುವ ಹಾಗೆ ನನ್ನ ತಂಗಿ ಹೇಳಿದಳು: "ಅಕ್ಕ, ಮಗೂನ ಮಷೀನ್ ಥರ ಓಡಿಸ್ಬಿಟ್ಟೆ. ಅದಕ್ಕೇ ಮೊದಲನೇ ಸಲ ಕ್ಲಾಟ್ ಕೈಕೊಡ್ತು." ನೀನು ಅವಳಿಗೆ ಉತ್ತರ ಕೊಡುತ್ತೀಯ ಎಂದುಕೊಂಡಿದ್ದೆ. ನೀನು ಹೋಳಿಗೆಗೆ ತುಪ್ಪ ಹಾಕಿಸಿಕೊಂಡೆ.

ಆಮೇಲೆ ಅವಳ ಮನೆಯಲ್ಲೇ ಇದ್ದು ಓದುತ್ತೇನೆ ಎಂದೆ. ಅಲ್ಲಿ ನಿನಗೇ ಒಂದು ಕೋಣೆ ಇದೆ, ಕೋಚಿಂಗ್ ಹತ್ತಿರ. ನಮ್ಮದು ಒಂದೇ ಕೋಣೆ, ಗೋಡೆಯ ಆಚೆ ಲೇತ್ ಶಾಪಿನ ಸದ್ದು. ಎಲ್ಲ ನಿಜ. ನಿಮ್ಮಪ್ಪ ನನ್ನನ್ನು ರೇಗಿಸುತ್ತಾರೆ: "ಓದೋಕೆ ಹೋಗಿದ್ದಾಳೆ ಕಣೇ, ಗಂಡನ ಮನೆಗಲ್ಲ. ಮುಖ ಯಾಕೆ ಹಂಗೆ ಮಾಡ್ಕೊಂಡಿದ್ದೀಯ?"

ಒಂದು ಮಾತು ನೆನಪಿರಲಿ. ನಮ್ಮ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ತಪ್ಪಿ ವಾಪಸು ಬಂದ ಬಟ್ಟೆಗೆ ಆಲ್ಟರ್ ಎನ್ನುತ್ತೇವೆ. ಆಲ್ಟರನ್ನು ಆ ದಿನವೇ ಬಿಚ್ಚಿ ಹೊಲಿದು ಮುಗಿಸಬೇಕು. ನಾಳೆಗೆ ಉಳಿಸಿದರೆ ನಾಳೆಯ ಕೆಲಸವನ್ನೂ ಅದು ಕೆಡಿಸುತ್ತದೆ. ಮಾಕ್ ಟೆಸ್ಟಿನಲ್ಲಿ ತಪ್ಪಾದ ಪ್ರಶ್ನೆಗೂ ಅದೇ ನಿಯಮ. ಮಲಗುವ ಮುಂಚೆ ಅಷ್ಟನ್ನೂ ಮತ್ತೆ ಮಾಡು.

ವಾರವಿಡೀ ಕ್ಯಾಂಟೀನಿನ ಪೇಪರಿನಿಂದ ಕತ್ತರಿಸಿಟ್ಟ ಸುದ್ದಿಗಳನ್ನು ಜೊತೆಗೆ ಇಟ್ಟಿದ್ದೇನೆ. ಸುಪ್ರೀಂ ಕೋರ್ಟಿನವು ಮೇಲಿವೆ.

ನಿನ್ನನ್ನು ಹೆತ್ತವಳು,
ಪದ್ಮಾವತಿ


ಬೇಗೂರು
3 ಆಗಸ್ಟ್ 2025

ಪ್ರೀತಿಯ ಅಮ್ಮ,

ನಿನ್ನ ಅಕ್ಷರ ನೋಡಿ ಖುಷಿಯಾಯಿತು. ನೀನು ಕಾಗದ ಬರೆದದ್ದನ್ನು ನಾನು ನೋಡಿರಲೇ ಇಲ್ಲ.

ನನ್ನ ದಿನ ಹೀಗಿದೆ. ಬೆಳಿಗ್ಗೆ ಚಿಕ್ಕಮ್ಮ ಎಲೆಕ್ಟ್ರಾನಿಕ್ ಸಿಟಿಯ ಆಫೀಸಿಗೆ ಹೊರಡುವ ಮುಂಚೆ ಇಬ್ಬರೂ ಬಾಲ್ಕನಿಯಲ್ಲಿ ಕೂತು ಇಂಗ್ಲಿಷ್ ಪೇಪರ್ ಓದುತ್ತೇವೆ. ಚಿಕ್ಕಮ್ಮ ಒಂದು ಲೇಖನ ಓದುತ್ತಾರೆ, ನಾನೊಂದು. ಆಮೇಲೆ ಬರೆದವರ ವಾದ ಏನು, ಎಲ್ಲಿ ಸಡಿಲವಾಗಿದೆ ಎಂದು ಒಬ್ಬರಿಗೊಬ್ಬರು ಹೇಳಬೇಕು. ಕ್ಲಾಟ್‌ನಲ್ಲಿ ಕೇಳುವುದೂ ಅದೇ. ಉದ್ದನೆಯ ಪ್ಯಾಸೇಜ್ ಕೊಟ್ಟು ಅದರ ಮೇಲೆ ಪ್ರಶ್ನೆ. ಚಿಕ್ಕಮ್ಮ ಬೇಕೆಂದೇ ತಪ್ಪು ವಾದ ಮಾಡುತ್ತಾರೆ, ನಾನು ಹಿಡಿಯಬೇಕು. ನಿನ್ನೆ ಹಿಡಿದೆ. "ಲಾಯರಮ್ಮಾ, ಸೋತೆ ಕಣೇ, ಹೋಗು, ಕಾಫಿ ಲೋಟ ನಾನೇ ತೊಳೀತೀನಿ" ಅಂದರು.

ತಪ್ಪಾದ ಪ್ರಶ್ನೆಗಳನ್ನು ರಾತ್ರಿ ನೋಡಬಾರದಂತೆ. ಸುಸ್ತಾದ ತಲೆಗೆ ತನ್ನ ತಪ್ಪು ಕಾಣುವುದಿಲ್ಲ, ಬೆಳಿಗ್ಗೆ ನೋಡು ಎನ್ನುತ್ತಾರೆ ಚಿಕ್ಕಮ್ಮ. ಸಂಜೆ ಕೆರೆಯ ಕಡೆ ನಡೆಯುತ್ತೇವೆ.

ಕಟಿಂಗ್‌ಗಳು ತಲುಪಿದವು. ಪರೀಕ್ಷೆ ಇಂಗ್ಲಿಷಿನಲ್ಲಾದರೂ ವಿಷಯ ತಿಳಿದುಕೊಳ್ಳಲು ಆಗುತ್ತದೆ.

ಅಪ್ಪನಿಗೆ ಹೇಳು, ಟೆಂಪೋ ಓಡಿಸುವಾಗ ಫೋನಿನಲ್ಲಿ ಮಾತಾಡಬಾರದು ಎಂದು.

ನಿನ್ನ,
ಗೌರಿ


ಬಾಗಲಗುಂಟೆ
10 ಆಗಸ್ಟ್ 2025

ಗೌರಿಗೆ,

ಪತ್ರ ಬಂತು. ನಾನೂ ಹತ್ತನೇ ಕ್ಲಾಸಿನಲ್ಲಿ ಇಂಗ್ಲಿಷಿಗೆ ನಿನ್ನ ಚಿಕ್ಕಮ್ಮನಿಗಿಂತ ಹೆಚ್ಚು ಅಂಕ ತೆಗೆದಿದ್ದೆ. ಅದು ಅವಳಿಗೆ ನೆನಪಿರಲಿಕ್ಕಿಲ್ಲ. ಹೇಳಬೇಕಾಗಿಲ್ಲ.

ತಪ್ಪನ್ನು ರಾತ್ರಿಯಿಡೀ ಹಾಗೇ ಬಿಟ್ಟು ನಿದ್ದೆ ಮಾಡುವುದು ನನಗೆ ಅರ್ಥವಾಗದ ಪದ್ಧತಿ. ಆಫೀಸಿನಲ್ಲಿ ಕೂತು ಕೆಲಸ ಮಾಡುವವರಿಗೆ ಸರಿ ಇರಬಹುದು. ಕೆರೆಯ ಕಡೆ ನಡೆಯುವುದಕ್ಕೆ ಎಷ್ಟು ಹೊತ್ತು ಹೋಗುತ್ತದೆ?

ಗೌರಿ ಹಬ್ಬ 26ಕ್ಕೆ, ಮಂಗಳವಾರ. ರಜೆ ಹಾಕಿದ್ದೇನೆ. ನೀನು ಹುಟ್ಟಿದ ವರ್ಷದಿಂದ ಒಂದು ಹಬ್ಬಕ್ಕೂ ನಿನ್ನ ಕೈಗೆ ಗೌರಿ ದಾರ ಕಟ್ಟುವುದನ್ನು ತಪ್ಪಿಸಿಲ್ಲ. ಹಿಂದಿನ ಸಂಜೆಯೇ ಬಂದುಬಿಡು. ಅಪ್ಪ ಟೆಂಪೋ ತರುತ್ತಾರೆ.

ಅಮ್ಮ


ಬೇಗೂರು
31 ಆಗಸ್ಟ್ 2025

ಅಮ್ಮ,

ಕೋಪ ಮಾಡಿಕೊಳ್ಳಬೇಡ. ಹಬ್ಬದ ದಿನವೇ ಕೋಚಿಂಗ್‌ನಲ್ಲಿ ದೊಡ್ಡ ಮಾಕ್ ಟೆಸ್ಟ್ ಇಟ್ಟರು. ಅಪ್ಪ ಬಂದಾಗ ಹೇಳಿ ಕಳಿಸಿದ್ದೆ. ಹೇಳಿದರು ತಾನೆ?

ಟೆಸ್ಟ್ ಮುಗಿಸಿ ಬರುವಾಗ ಚಿಕ್ಕಮ್ಮ ಪೂಜೆ ಮುಗಿಸಿ ಕಾಯುತ್ತಿದ್ದರು. "ನಿಮ್ಮಮ್ಮ ಕಟ್ಬೇಕಾದ್ದು, ಏನ್ ಮಾಡೋದು, ಬರಿಗೈಲಿ ಇರ್ಬಾರ್ದು" ಎಂದು ದಾರ ಕಟ್ಟಿದರು. ಅವರಿಗೆ ಕಟ್ಟಲು ಬರಲಿಲ್ಲ, ಎರಡು ಸಲ ಬಿಚ್ಚಿಹೋಯಿತು. ಇಬ್ಬರೂ ನಕ್ಕೆವು. ಚಿಕ್ಕಮ್ಮ ಕಡುಬನ್ನೂ ಮಾಡಿದ್ದರು. ನಿನ್ನ ಹಾಗಲ್ಲ, ಚಿಕ್ಕಮ್ಮನ ಕಡುಬಿಗೆ ಅಂಚು ಬಿಟ್ಟುಕೊಳ್ಳುತ್ತದೆ.

ಟೆಸ್ಟ್‌ನಲ್ಲಿ ನನ್ನ ಬ್ಯಾಚಿನಲ್ಲಿ ನಾಲ್ಕನೆಯವಳು. ಚಿಕ್ಕಮ್ಮ ಅವರ ಆಫೀಸಿನಲ್ಲೆಲ್ಲ ಹೇಳಿಕೊಂಡು ಬಂದಿದ್ದಾರೆ. "ಮುಂದಿನ ಸಲ ಒಂದನೇ ಸ್ಥಾನ ಅಂತ ಬೆಟ್ ಕಟ್ಟಿದ್ದೀನಿ, ಮರ್ಯಾದೆ ಉಳಿಸು" ಅಂತ ಚಿಕ್ಕಮ್ಮ ತಮಾಷೆ ಮಾಡುತ್ತಾರೆ.

ನಿನ್ನ,
ಗೌರಿ


ಬಾಗಲಗುಂಟೆ
7 ಸೆಪ್ಟೆಂಬರ್ 2025

ಗೌರಿಗೆ,

ನಾಲ್ಕನೇ ಸ್ಥಾನ ಬಂದದ್ದು ಸಂತೋಷ. ಮೇಲಿನ ಮೂವರು ಏನು ಓದುತ್ತಾರೆ ವಿಚಾರಿಸು.

ನಿನ್ನ ಪತ್ರದಲ್ಲಿ ಚಿಕ್ಕಮ್ಮ ಐದು ಸಲ ಬಂದಿದ್ದಾಳೆ. ನಿನ್ನ ಮಾತಿನಲ್ಲಿ ಅಮ್ಮ ಒಂದು ಸಲ, ಅದೂ ಪತ್ರದ ತಲೆಯ ಮೇಲೆ. ಲೈನ್ ಸೂಪರ್‌ವೈಸರಿಗೆ ಎಣಿಸುವುದೇ ಉದ್ಯೋಗ, ಅಭ್ಯಾಸ ತಪ್ಪುವುದಿಲ್ಲ.

ನಾನು ತಂದಿಟ್ಟ ದಾರವನ್ನು ದೇವರ ಗೂಡಿನಲ್ಲೇ ಇಟ್ಟಿದ್ದೇನೆ. ರಜೆ ಹಾಕಿದ್ದರಿಂದ ಮನೆಯಲ್ಲೇ ಇದ್ದೆ. ಕಡುಬು ಮಾಡಿದ್ದೆ, ಅಂಚು ಬಿಟ್ಟುಕೊಂಡಿರಲಿಲ್ಲ. ಪಕ್ಕದ ಲೇತ್ ಶಾಪಿನ ಹುಡುಗರಿಗೆ ಕೊಟ್ಟೆ.

ಅಮ್ಮ


ಬೇಗೂರು
14 ಸೆಪ್ಟೆಂಬರ್ 2025

ಅಮ್ಮನಿಗೆ,

ನಾನು ಚೆನ್ನಾಗಿದ್ದೇನೆ. ಓದು ನಡೆಯುತ್ತಿದೆ. ದಿನಕ್ಕೊಂದು ಮಾಕ್ ಟೆಸ್ಟ್ ಬರೆಯುತ್ತಿದ್ದೇನೆ. ನೀನು ಹೇಳಿದ ಹಾಗೆ ರಾತ್ರಿಯೇ ತಪ್ಪು ತಿದ್ದುತ್ತೇನೆ, ಬೆಳಿಗ್ಗೆ ಇನ್ನೊಮ್ಮೆ ನೋಡುತ್ತೇನೆ. ಇಲ್ಲಿ ಮಳೆ. ಓದು ನಡೆಯುತ್ತಿದೆ. ದಿನಕ್ಕೊಂದು ಮಾಕ್ ಟೆಸ್ಟ್ ಬರೆಯುತ್ತಿದ್ದೇನೆ.

ಗೌರಿ


ಬಾಗಲಗುಂಟೆ
21 ಸೆಪ್ಟೆಂಬರ್ 2025

ಭಾಗ್ಯಶ್ರೀಗೆ,

ಇದು ನಿನಗೆ ನಾನು ಬರೆಯುತ್ತಿರುವ ಮೊದಲ ಪತ್ರ. ಕುಶಲ ವಿಚಾರಿಸುವುದಕ್ಕಲ್ಲ.

ನನ್ನ ಮಗಳ ಹಿಂದಿನ ಪತ್ರ ನಾಲ್ಕು ಸಾಲು. ಅದರಲ್ಲೂ ಹೇಳಿದ್ದನ್ನೇ ಎರಡು ಸಲ ಬರೆದಿದ್ದಾಳೆ. ಅಮ್ಮನಿಗೆ ಏನೋ ಒಂದು ಗೀಚಿ ಕಳಿಸಿದರಾಯಿತು ಎನ್ನುವಷ್ಟು ಅವಸರ. ಬಾಲ್ಕನಿಯಲ್ಲಿ ಯಾರೋ ಕಾಯುತ್ತಿರಬೇಕು. ನಿನ್ನ ಮನೆಗೆ ಹೋದ ಎರಡು ತಿಂಗಳಿಗೆ ಅವಳಿಗೆ ನನ್ನ ಜೊತೆ ಮಾತು ಮುಗಿದುಹೋಗಿದೆ.

ನೀನು ಅವಳಿಗೆ ಪೇಪರ್ ಓದಿಸುತ್ತೀಯ, ಕೆರೆ ತೋರಿಸುತ್ತೀಯ, ದಾರ ಕಟ್ಟುತ್ತೀಯ. ಮಾಡು. ಮಕ್ಕಳನ್ನು ನೋಡಿಕೊಳ್ಳುವುದು ನಿನಗೆ ಹೊಸದು, ಆಸೆ ಇರುತ್ತದೆ. ಆದರೆ ಹದಿನೆಂಟು ವರ್ಷ ಸಾಕಿದ್ದು ನಾನು. ಜ್ವರ ಬಂದಾಗ ಅವಳು ಯಾವ ಮಗ್ಗುಲಿಗೆ ಮಲಗುತ್ತಾಳೆ ಎಂದು ನಿನಗೆ ಗೊತ್ತಿದೆಯೇ?

ಆಯುಧ ಪೂಜೆಗೆ ಅವಳು ಬರುತ್ತಾಳೆ. ಬಂದ ಮೇಲೆ ಇಲ್ಲೇ ಇರುತ್ತಾಳೆ. ಕಡೆಯ ಎರಡು ತಿಂಗಳು ನಾನೇ ಕೂತು ಓದಿಸುತ್ತೇನೆ. ಜಾಲಹಳ್ಳಿ ಕ್ರಾಸಿನಲ್ಲೂ ಮಾಕ್ ಟೆಸ್ಟ್ ಬರೆಸುವವರಿದ್ದಾರೆ. ಅವಳ ಪುಸ್ತಕಗಳನ್ನೆಲ್ಲ ಕಟ್ಟಿ ಕಳಿಸು.

ಪದ್ಮಾವತಿ


ಬೇಗೂರು
26 ಸೆಪ್ಟೆಂಬರ್ 2025

ಅಕ್ಕನಿಗೆ,

ಪುಸ್ತಕ ಕಟ್ಟಿದ್ದೇನೆ. ನಿನ್ನ ಮಗಳು, ನಿನ್ನ ಇಷ್ಟ.

ಹೊಟ್ಟೆಕಿಚ್ಚಿಗೆ ಓದಿಸುವುದು ಎಂದು ಹೆಸರಿಡಬೇಡ. ನಾನು ಕಟ್ಟಿದ ದಾರ ನಿನಗೆ ಅಷ್ಟು ಚುಚ್ಚಿತೆಂದು ತಿಳಿದಿದ್ದರೆ ಇನ್ನೂ ಗಟ್ಟಿಯಾಗಿ ಕಟ್ಟುತ್ತಿದ್ದೆ.

ಯಾವ ಮಗ್ಗುಲಿಗೆ ಎಂದು ಕೇಳಿದ್ದೀಯ. ಎಡ ಮಗ್ಗುಲಿಗೆ, ಗೋಡೆಯ ಕಡೆ ಮುಖ ಮಾಡಿ. ಆಗಸ್ಟಿನಲ್ಲಿ ಮೂರು ದಿನ ಜ್ವರ ಬಂದಿತ್ತು. ನಿನಗೆ ಹೇಳಬೇಡ ಎಂದಳು, ಹೇಳಲಿಲ್ಲ.

ಭಾಗ್ಯಶ್ರೀ


ಬಾಗಲಗುಂಟೆ
2 ನವೆಂಬರ್ 2025

ಭಾಗ್ಯ,

ಇದನ್ನು ನಿಮ್ಮ ಭಾವನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ನಾಳೆ ಅವರ ಟೆಂಪೋ ಬೊಮ್ಮಸಂದ್ರದವರೆಗೆ ಬರುತ್ತದೆ. ಫೋನ್ ಮಾಡಬಹುದಿತ್ತು. ನನ್ನ ದನಿ ನಿನಗೆ ಕೇಳುವುದು ಬೇಡ ಎಂದು ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಗೌರಿ ಈಗ ಮನೆಯಲ್ಲಿದ್ದಾಳೆ, ಮಲಗಿದ್ದಾಳೆ.

ನಿನ್ನೆ ರಾಜ್ಯೋತ್ಸವದ ರಜೆ. ಜಾಲಹಳ್ಳಿ ಕ್ರಾಸಿನಲ್ಲಿ ಮಾಕ್ ಟೆಸ್ಟ್ ಇತ್ತು. ನಾನೇ ಕರೆದುಕೊಂಡು ಹೋಗಿ ಗೇಟಿನೊಳಗೆ ಬಿಟ್ಟು ಮನೆಗೆ ಬಂದೆ. ಟೆಸ್ಟ್ ಮುಗಿಯುವ ಹೊತ್ತಾದರೂ ಬರಲಿಲ್ಲ. ಹೋಗಿ ವಿಚಾರಿಸಿದರೆ, ಶುರುವಾದ ಸ್ವಲ್ಪ ಹೊತ್ತಿಗೇ ಎದ್ದು ಹೋದಳು ಎಂದರು. ಉತ್ತರ ಪತ್ರಿಕೆ ಖಾಲಿ. ಬೀದಿಯಲ್ಲೆಲ್ಲ ಮೆರವಣಿಗೆ, ಮೈಕು. ನಾನು ಒಂದು ಕಡೆ, ನಿಮ್ಮ ಭಾವ ಒಂದು ಕಡೆ ಹುಡುಕಿದೆವು. ಅವಳ ಮೊಬೈಲು ನನ್ನ ಬೀರುವಿನಲ್ಲಿತ್ತು.

ಸಂಜೆ ಚಿಕ್ಕಬಾಣಾವರ ರೈಲ್ವೆ ಸ್ಟೇಷನ್ನಿನಲ್ಲಿ ಸಿಕ್ಕಳು. ಪ್ಲಾಟ್‌ಫಾರಂನ ತುದಿಯ ಬೆಂಚಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಶೇಂಗಾ ಮಾರುವ ಹೆಂಗಸು, ಚನ್ನಕ್ಕ ಎಂದು ಹೆಸರು, ಬಾಗಲಕೋಟೆ ಕಡೆಯವಳು. "ನೋಡ್ರಿ ಅಕ್ಕಾರ, ಮಧ್ಯಾಹ್ನದಿಂದ ಕುಂತಾಳ ಈ ಹುಡುಗಿ. ಗಾಡಿ ಬಂದ್ವು, ಹೋದ್ವು, ಹತ್ತಲಿಲ್ಲ. ಯಾರಿಗೂ ಕಾಯಾಕತ್ತಿಲ್ಲ. ನನಗ ಯಾಕೋ ಜೀವ ತಡೀಲಿಲ್ಲ. ಬುಟ್ಟಿ ತಂದು ಬಾಜೂಕ ಇಟ್ಕೊಂಡು ಕುಂತೆ" ಎಂದಳು. ವ್ಯಾಪಾರ ಬಿಟ್ಟು ಯಾಕೆ ಕೂತಳು ಎಂದು ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ. ನಿನಗೂ ಬರೆಯುವುದಿಲ್ಲ.

ಏನು ಮಾಡುತ್ತಿದ್ದೆ ಎಂದು ಕೇಳಿದ್ದಕ್ಕೆ ಗೌರಿ ಹೇಳಿದ್ದು: "ಸ್ಟೇಷನ್ ಬೋರ್ಡ್ ಓದ್ತಿದ್ದೆ ಅಮ್ಮ. ಅದು ಓದೋಕಾಗ್ತಿದೆ." ಪ್ಯಾಸೇಜ್ ಓದಲು ಹೋದರೆ ಒಂದೇ ಸಾಲಿಗೆ ಮತ್ತೆ ಮತ್ತೆ ಬರುತ್ತಾಳಂತೆ, ಮುಂದಿನ ಸಾಲಿಗೆ ಕಣ್ಣು ಇಳಿಯುವುದಿಲ್ಲವಂತೆ. ಅಜ್ಜಿಯ ಮನೆಗೆ ಹೋಗೋಣ ಎಂದು ಹೊರಟವಳು, ಅಜ್ಜಿ ಬೈದು ನಿನ್ನ ಹತ್ತಿರ ಕಳಿಸುತ್ತಾರೋ ನನ್ನ ಹತ್ತಿರವೋ ತಿಳಿಯದೆ ಅಲ್ಲೇ ಕೂತುಬಿಟ್ಟಳಂತೆ.

ಇನ್ನೊಂದು ವಿಷಯ ಇದೆ. ನಾನು ಅವಳ ಹಿಂದಿನಿಂದ ಹೋದೆ. ಕೂಗಿರಲಿಲ್ಲ. ಅವಳು ತಿರುಗಿಯೂ ನೋಡಿರಲಿಲ್ಲ. ನನ್ನ ಹೆಜ್ಜೆ ಹತ್ತಿರವಾಗುತ್ತಿದ್ದಂತೆ ಅವಳ ಎರಡೂ ಹೆಗಲು ಕಿವಿಯವರೆಗೆ ಏರಿದವು.

ಅದನ್ನು ನಾನು ದಿನಾ ನೋಡುತ್ತೇನೆ ಭಾಗ್ಯ. ಫ್ಯಾಕ್ಟರಿಯಲ್ಲಿ ಟೈಲರ್‌ಗಳ ಕುರ್ಚಿಯ ಹಿಂದೆ ನಾನು ನಿಂತರೆ ಅವರ ಹೆಗಲು ಹಾಗೇ ಏರುತ್ತದೆ. ಹೋದ ತಿಂಗಳು ಸವಿತಾ ಎಂಬ ಹೊಸ ಹುಡುಗಿಯ ಬೆರಳಿಗೆ ಸೂಜಿ ಹೊಕ್ಕಿತು. ನಾನು ಬೈದಿರಲಿಲ್ಲ. ಸುಮ್ಮನೆ ನಿಂತಿದ್ದೆ. ಈ ಒಂದು ತಿಂಗಳು ದಿನಾ ಫ್ಯಾಕ್ಟರಿಯಿಂದ ಬಂದು, ಗೌರಿ ಓದುವಾಗ ಅವಳ ಹಿಂದೆ ಕೂತಿದ್ದೆ. ಒಂದು ಮಾತನ್ನೂ ಆಡಿರಲಿಲ್ಲ, ದೇವರಾಣೆ. ಬೇಗೂರಿಗಿಂತ ಇಲ್ಲಿ ಅವಳು ಹೆಚ್ಚು ಓದಬೇಕಿತ್ತು. ಅಷ್ಟೇ ನನಗೆ ಬೇಕಿದ್ದದ್ದು.

ಡಾಕ್ಟರಿಗೆ ತೋರಿಸಿದೆವು. ಹತ್ತು ದಿನ ಪುಸ್ತಕ ಮುಟ್ಟಿಸಬೇಡಿ, ನಿದ್ದೆ ಮಾಡಲಿ, ಒಬ್ಬಳನ್ನೇ ಬಿಡಬೇಡಿ, ಆಮೇಲೆ ಮತ್ತೆ ಕರೆತನ್ನಿ ಎಂದರು. ಪರೀಕ್ಷೆ ಬರೆಯುತ್ತಾಳೋ ಇಲ್ಲವೋ ಆಗ ಯೋಚಿಸಿ ಎಂದರು.

ಬಂದು ಕರೆದುಕೊಂಡು ಹೋಗು. ನಿನ್ನ ಹತ್ತಿರವೇ ಇರಲಿ. ಇದನ್ನು ಬರೆಯುವಾಗ ನನಗೆ ಏನಾಗುತ್ತಿದೆ ಎಂದು ನಿನಗೆ ಗೊತ್ತಾಗುತ್ತದೆ. ಗೊತ್ತಾದರೂ ಹೇಳಬೇಡ.

ಅಕ್ಕ


ಬೇಗೂರು
3 ನವೆಂಬರ್ 2025

ಅಕ್ಕ,

ಭಾವ ಕೆಳಗೆ ಟೀ ಕುಡಿಯುತ್ತಿದ್ದಾರೆ. ಅವರು ಹೊರಡುವುದರೊಳಗೆ ಬರೆದು ಕೊಡಬೇಕು.

ನಾನು ಬರುವುದಿಲ್ಲ. ಹಟಕ್ಕಲ್ಲ.

ಅವಳ ಪತ್ರದಲ್ಲಿ ಒಂದೇ ಸಾಲು ಎರಡು ಸಲ ಬಂದಿತ್ತು ಎಂದು ಸೆಪ್ಟೆಂಬರಿನಲ್ಲೇ ನೀನು ಬರೆದಿದ್ದೆ. ನೀನು ಅದನ್ನು ಅವಸರ ಎಂದುಕೊಂಡೆ. ನನಗೆ ಅದು ಅವಸರವಲ್ಲ ಎಂದು ಗೊತ್ತಿತ್ತು. ಅಷ್ಟೊತ್ತಿಗಾಗಲೇ ಬಾಲ್ಕನಿಯಲ್ಲಿ ಪೇಪರ್ ಹಿಡಿದು ಕೂತರೆ ಅವಳು ಪುಟ ತಿರುವುತ್ತಿರಲಿಲ್ಲ. ಒಂದು ದಿನ ನಾನು ಬೇಕೆಂದೇ ಹೇಳಿದ ತಪ್ಪು ವಾದಕ್ಕೆ "ಹೌದು ಚಿಕ್ಕಮ್ಮ" ಎಂದುಬಿಟ್ಟಳು. ರಾತ್ರಿ ನಿನ್ನ ನಿಯಮ, ಬೆಳಿಗ್ಗೆ ನನ್ನ ನಿಯಮ, ಎರಡನ್ನೂ ಪಾಲಿಸುತ್ತಿದ್ದಳು. ನಿದ್ದೆ ಯಾವಾಗ ಮಾಡುತ್ತಿದ್ದಳೋ. ನಿನಗೆ ತಿಳಿಸಬೇಕಿತ್ತು. ತಿಳಿಸಿದರೆ, ನೋಡು, ನಿನ್ನ ಮನೆಯಲ್ಲೂ ಹೀಗೇ ಆಯಿತಲ್ಲ ಎನ್ನುತ್ತೀಯ ಎಂದು ಸುಮ್ಮನಾದೆ. ನಾನು ಸಾಕಿದರೆ ಚೆನ್ನಾಗಿ ಓದುತ್ತಾಳೆ ಎಂದು ಯುಗಾದಿಯ ದಿನ ಪಂಕ್ತಿಯಲ್ಲಿ ಹೇಳಿದ ಹಾಗಾಗಿತ್ತಲ್ಲ, ಅದನ್ನು ಉಳಿಸಿಕೊಳ್ಳಬೇಕಿತ್ತು. ಪುಸ್ತಕ ಕಟ್ಟುವಾಗಲೂ ಒಂದು ಮಾತು ಬರೆಯಲಿಲ್ಲ. ಬದಲಿಗೆ ದಾರದ ಬಗ್ಗೆ ಬರೆದೆ.

ಜುಲೈನಲ್ಲಿ ಬ್ಯಾಗ್ ಹಿಡಿದು ಬಂದಾಗ ನನ್ನ ಹತ್ತಿರ ಬಂದಳು ಎಂದು ಹಿಗ್ಗಿದೆ. ನಿನ್ನಿಂದ ಹೋಗುತ್ತಿದ್ದಳು, ಅಷ್ಟೇ ಇರಬಹುದು. ನನ್ನಿಂದಲೂ ಹೋಗುವುದಕ್ಕೆ ಅವಳಿಗೆ ಜಾಗ ಇರಲಿಲ್ಲ.

ಅವಳು ಎಲ್ಲಿಗೆ ಹೊರಟಿದ್ದಳು ಎಂದು ನೀನೇ ಬರೆದಿದ್ದೀಯ. ಅಲ್ಲಿಗೇ ಕಳಿಸು.

ಭಾಗ್ಯ


ಚಿಕ್ಕಬಾಣಾವರ
20 ನವೆಂಬರ್ 2025

ಅಮ್ಮ,

ಇದನ್ನೇ ಇನ್ನೊಂದು ಹಾಳೆಯಲ್ಲಿ ಬರೆದು ಚಿಕ್ಕಮ್ಮನಿಗೂ ಕಳಿಸುತ್ತಿದ್ದೇನೆ. ಕರೆಯುವ ಹೆಸರೊಂದು ಬಿಟ್ಟರೆ ಒಂದು ಪದವೂ ಹೆಚ್ಚು ಕಡಿಮೆ ಇಲ್ಲ. ಬೇಕಾದರೆ ಎಣಿಸಿ ನೋಡು.

ಚೆನ್ನಾಗಿದ್ದೇನೆ. ಈ ಸಲ ನಿಜವಾಗಿ. ಮೊದಲ ಹತ್ತು ದಿನ ಉಂಡು ಮಲಗಿದ್ದು ಬಿಟ್ಟರೆ ಏನೂ ಮಾಡಲಿಲ್ಲ. ಅಜ್ಜಿ ರಾತ್ರಿ ತನ್ನ ಪಕ್ಕದಲ್ಲೇ ಮಲಗಿಸಿಕೊಂಡು ಗೊರಕೆ ಹೊಡೆಯುತ್ತದೆ. ಹನ್ನೊಂದನೇ ದಿನ ಬೀಡಾ ಅಂಗಡಿಯಿಂದ ಪೇಪರ್ ತಂದು ಒಂದು ಸುದ್ದಿ ಓದಿದೆ. ಕೊನೆಯ ಸಾಲಿಗೆ ತಲುಪಿದೆ. ಎದ್ದುಬಿಟ್ಟೆ. ಮರುದಿನ ಎರಡು.

ಇಲ್ಲಿ ನಿಶ್ಶಬ್ದವಿಲ್ಲ. ನಿನಗೆ ಗೊತ್ತೇ ಇದೆ, ಅಜ್ಜಿ ಬಾಡಿಗೆಗೆ ಕೊಟ್ಟ ರೂಮುಗಳಲ್ಲೆಲ್ಲ ಉತ್ತರ ಕರ್ನಾಟಕದ ಗಾರೆ ಕೆಲಸದವರು. ಬೆಳಿಗ್ಗೆ ನಲ್ಲಿಯ ಹತ್ತಿರ ಕಾಡಪ್ಪಣ್ಣನಿಗೂ ಸಂಗಣ್ಣನಿಗೂ ಬಿಂದಿಗೆಯ ಸರದಿಗೆ ಜಗಳ. ನಾನು ಮೆಟ್ಟಿಲ ಮೇಲೆ ಪುಸ್ತಕ ಹಿಡಿದು ಕೂತಿರುತ್ತೇನೆ. ನಿನ್ನೆ ಸಂಗಣ್ಣ "ನೀವು ವಕೀಲರಂತಲ್ರಿ ಅಕ್ಕಾ, ನ್ಯಾಯ ಹೇಳ್ರಿ, ಮೊದಲ ಬಿಂದಿಗಿ ಇಟ್ಟಾಂವ ಯಾರು?" ಎಂದು ಕೇಳಿದ. ಅಜ್ಜಿ ಒಳಗಿನಿಂದಲೇ ಕೂಗಿತು: "ಅವ್ಳಿನ್ನೂ ಲಾಯರ್ ಆಗಿಲ್ಲ ಕಣ್ರಲಾ! ಆದ್ರೆ ಆಯ್ತದೆ, ಆಗ್ದಿದ್ರೆ ಬುಡ್ತದೆ. ನಲ್ಲಿ ನಿಲ್ಲುಸ್ರೋ ಮೊದ್ಲು, ನೀರು ಓಯ್ತಾ ಅದೆ!" ಆಮೇಲೆ ನನಗೆ: "ನೀನ್ಯಾಕೆ ಇಂಗ್ ಬಾಯ್ಬುಟ್ಕೊಂಡು ಕುಂತಿದ್ದೀಯೆ? ಬಾ, ಈ ಈರೇಕಾಯಿ ಎರೆ."

ಡಾಕ್ಟರು ಮತ್ತೆ ನೋಡಿ, ಓದಬಹುದು, ಅಳತೆ ಮೀರಬೇಡ ಎಂದರು. ಮಧ್ಯಾಹ್ನದ ಊಟದವರೆಗೆ ಓದುತ್ತೇನೆ, ಆಮೇಲೆ ಮಲಗುತ್ತೇನೆ. ಮಾಕ್ ಟೆಸ್ಟ್ ವಾರಕ್ಕೆ ಎರಡೇ. ತಪ್ಪುಗಳನ್ನು ರಾತ್ರಿ ನೋಡಲೋ ಬೆಳಿಗ್ಗೆಯೋ ಎಂದು ನೀವಿಬ್ಬರೂ ಕೇಳುತ್ತೀರಿ. ನೋಡಬೇಕೆನಿಸಿದಾಗ ನೋಡುತ್ತೇನೆ.

ನಾನು ಓದುತ್ತಿದ್ದೇನೆಯೋ ಇಲ್ಲವೋ ಅಜ್ಜಿ ನೋಡುವುದಿಲ್ಲ ಅಮ್ಮ. ಅದಕ್ಕೆ ಬೇರೆ ಕೆಲಸ ಇದೆ. ಅದೊಂದೇ ಇಲ್ಲಿ ಬೇರೆ.

ಪರೀಕ್ಷೆ ಬರೆಯುತ್ತೇನೆ. ಅಲ್ಲಿಯವರೆಗೆ ಇಬ್ಬರೂ ಇಲ್ಲಿಗೆ ಬರಬೇಡಿ. ಆ ದಿನ ಸೆಂಟರ್‌ನ ಗೇಟಿಗೂ ಬರಬೇಡಿ. ಅಪ್ಪ ಬಿಡುತ್ತಾರೆ, ಬಸ್ಸಿನಲ್ಲಿ ವಾಪಸು ಬರುತ್ತೇನೆ.

ಗೌರಿ


ಬಾಗಲಗುಂಟೆ
27 ನವೆಂಬರ್ 2025

ಭಾಗ್ಯ,

ನಿನಗೂ ಬಂದಿರಬೇಕು. ನಾನು ಎಣಿಸಿಲ್ಲ.

ಅವ್ವನಿಗೆ ಕ್ಲಾಟ್ ಎಂದರೆ ಏನೆಂದು ಗೊತ್ತೇ? ನಿಮ್ಮ ಭಾವ ಹೋಗಿದ್ದಾಗ, "ಆ ಪಲಾಟು ಯಾವಾಗ ಬರ್ತದೆ?" ಎಂದು ಕೇಳಿದಳಂತೆ. ನಾನು ಎಸ್ಸೆಸ್ಸೆಲ್ಸಿ ಓದುವಾಗ ಬೆನ್ನ ಹಿಂದೆಯೇ ಕೂತಿರುತ್ತಿದ್ದವಳು ಇವಳೇ. ಆಗ ನನಗೆ ಒಂದು ದಿನವಾದರೂ ಮಧ್ಯಾಹ್ನ ಮಲಗು ಎಂದಿದ್ದಳೇ? ಮೊಮ್ಮಗಳಿಗೆ ಹೀರೇಕಾಯಿ ಬಜ್ಜಿ ಮಾಡಿಕೊಡುತ್ತಾಳಂತೆ. ಅವಳು ಅದನ್ನು ತಿಂದು ಅಜ್ಜಿಯ ಸೆರಗಿಗೇ ಕೈ ಒರೆಸುತ್ತಾಳಂತೆ.

ನಾಲ್ಕು ಮೈಲಿ ದೂರವೂ ಇಲ್ಲ. ಬರಬೇಡ ಎಂದಿದ್ದಾಳೆ, ಹೋಗಿಲ್ಲ. ನನಗೆ ಈಗ ಅವ್ವನನ್ನು ಕಂಡರೂ ಹೊಟ್ಟೆ ಉರಿಯುತ್ತಿದೆ. ಇದನ್ನು ಯಾರಿಗೆ ಹೇಳಲಿ? ನಿಮ್ಮ ಭಾವನಿಗೆ ಹೇಳಿದರೆ ನಗುತ್ತಾರೆ. ನಿನಗೆ?

ಅಕ್ಕ


ಬೇಗೂರು
1 ಡಿಸೆಂಬರ್ 2025

ಅಕ್ಕ,

ನನಗೂ.

ಭಾಗ್ಯ


ಚಿಕ್ಕಬಾಣಾವರ
8 ಡಿಸೆಂಬರ್ 2025, ಸೋಮವಾರ

ಅಮ್ಮನಿಗೆ ಮತ್ತು ಚಿಕ್ಕಮ್ಮನಿಗೆ,

ಈ ಸಲ ಇಬ್ಬರಿಗೂ ಸೇರಿ ಒಂದೇ ಹಾಳೆ. ಅಪ್ಪನ ಕೈಯಲ್ಲಿ ಕೊಟ್ಟಿದ್ದೇನೆ. ಯಾರು ಮೊದಲು ಓದಬೇಕು ಎಂದು ನೀವೇ ತೀರ್ಮಾನಿಸಿಕೊಳ್ಳಿ, ನನ್ನನ್ನು ಕೇಳಬೇಡಿ.

ಪರೀಕ್ಷೆ ಬರೆದೆ. ಎರಡು ಗಂಟೆಯೂ ಕೂತಿದ್ದೆ. ಕಾನೂನಿನ ಭಾಗದಲ್ಲಿ ಒಂದು ಪ್ಯಾಸೇಜ್‌ನ ಮಧ್ಯೆ ಮತ್ತೆ ಅದೇ ಆಯಿತು, ಕಣ್ಣು ಒಂದೇ ಸಾಲಿಗೆ ಸಿಕ್ಕಿಕೊಂಡಿತು. ಪೆನ್ನು ಕೆಳಗಿಟ್ಟೆ. ಕಿಟಕಿಯ ಹೊರಗೆ ಯಾರದೋ ಟೆರೇಸಿನ ಮೇಲೆ ಬಟ್ಟೆ ಒಣಗುತ್ತಿತ್ತು, ಅದನ್ನು ನೋಡಿದೆ. ಆ ಪ್ಯಾಸೇಜನ್ನು ಪೂರ್ತಿ ಬಿಟ್ಟು ಮುಂದಿನದಕ್ಕೆ ಹೋದೆ. ಹೋಗಲು ಆಯಿತು. ಬಿಟ್ಟದ್ದರ ಅಂಕ ಸಿಗುವುದಿಲ್ಲ, ಗೊತ್ತು. ಸೀಟು ಸಿಗುತ್ತದೋ ಇಲ್ಲವೋ ಹೇಳಲಾರೆ. ಹೊರಗೆ ಬಂದಾಗ ಹಸಿವಾಗಿತ್ತು. ಹೋದ ವರ್ಷ ಹೊರಗೆ ಬಂದಾಗ ವಾಂತಿಯಾಗಿತ್ತು, ಅದು ನಿಮಗಿಬ್ಬರಿಗೂ ಗೊತ್ತಿಲ್ಲ.

ಇನ್ನು ಗೇಟಿನ ವಿಷಯ.

ಬರಬೇಡಿ ಎಂದು ಬರೆದಿದ್ದೆ. ಹೊಂಗೆ ಮರದ ಕೆಳಗೆ ಟೀ ಅಂಗಡಿ ಇತ್ತಲ್ಲ, ಅಲ್ಲಿ ಬಿಸಿಲಿಲ್ಲದ ಕಡೆ ಕೊಡೆ ಬಿಚ್ಚಿಕೊಂಡು ನಿಂತಿದ್ದದ್ದು ನೀನು ಅಮ್ಮ. ಕೆಳಗೆ ಕಾಣುತ್ತಿದ್ದ ಚಪ್ಪಲಿ ನಾನೇ ಕೊಡಿಸಿದ್ದು. ರಸ್ತೆಯ ಈಚೆ ಸ್ಕೂಟರ್ ಓಡಿಸುವವರ ಹಾಗೆ ಮುಖಕ್ಕೆ ದುಪ್ಪಟ್ಟಾ ಸುತ್ತಿಕೊಂಡು, ಸ್ಕೂಟರ್ ಇಲ್ಲದೆ ನಿಂತಿದ್ದವರು ಚಿಕ್ಕಮ್ಮ. ಚಿಕ್ಕಮ್ಮನಿಗೆ ಸ್ಕೂಟರ್ ಓಡಿಸಲು ಬರುವುದೂ ಇಲ್ಲ. ನಾನು ಹೊರಗೆ ಬರುವ ಮುಂಚೆಯೇ ನೀವು ಒಬ್ಬರನ್ನೊಬ್ಬರು ನೋಡಿದ್ದಿರೋ, ಆಮೇಲೆ ನೋಡಿದಿರೋ ನನಗೆ ತಿಳಿಯಲಿಲ್ಲ. ನಾನು ಜೋಳದ ಗಾಡಿಯ ಹತ್ತಿರ ನಿಂತಾಗ ಕೊಡೆ ರಸ್ತೆ ದಾಟಿ ದುಪ್ಪಟ್ಟಾದ ಪಕ್ಕಕ್ಕೆ ಬಂದಿತ್ತು. ಇಬ್ಬರೂ ಯಾವುದೋ ಮಾತಿಗೆ ಜಗಳವಾಡುತ್ತಿದ್ದಿರಿ. ನನ್ನ ಹತ್ತಿರ ಮೊದಲು ಯಾರು ಹೋಗಬೇಕು ಎಂದೇ ಇರಬೇಕು.

ನನಗೂ ಅದೇ ಯೋಚನೆಯಾಯಿತು. ಮೊದಲು ಯಾರನ್ನು ಕರೆಯಲಿ? ಅಮ್ಮಾ ಎಂದರೆ ಚಿಕ್ಕಮ್ಮ ಜೀವನವಿಡೀ ಹೇಳುತ್ತಾರೆ. ಚಿಕ್ಕಮ್ಮ ಎಂದರೆ ಅಮ್ಮ ಹೇಳುವುದೇ ಇಲ್ಲ, ಅದು ಇನ್ನೂ ಕಷ್ಟ. ಜೋಳ ತಿನ್ನುತ್ತಾ ನಿಮ್ಮಿಬ್ಬರ ಎದುರಿಗೇ ನಡೆದುಕೊಂಡು ಹೋಗಿ ಬಸ್ಸು ಹತ್ತಿದೆ. ಕಿಟಕಿಯಿಂದ ನೋಡಿದೆ. ನೀವು ಹಿಂದೆ ಓಡಿ ಬರಲಿಲ್ಲ. ಅಮ್ಮ ಒಂದು ಹೆಜ್ಜೆ ಇಟ್ಟಳು. ಚಿಕ್ಕಮ್ಮ ಕೈ ಹಿಡಿದುಕೊಂಡರು. ಅಷ್ಟಕ್ಕೆ ನಿಂತಿರಿ. ಬಸ್ಸು ತಿರುಗುವವರೆಗೆ ಹಾಗೇ ನಿಂತಿದ್ದಿರಿ. ನನ್ನ ಹೆಗಲು ಸುಮ್ಮನೇ ಇತ್ತು.

ಫಲಿತಾಂಶ ಈ ತಿಂಗಳ ಮಧ್ಯದಲ್ಲಿ ಬರುತ್ತದಂತೆ. ಬಂದ ದಿನ ಮೊದಲು ಅಜ್ಜಿಗೆ ಹೇಳುತ್ತೇನೆ. ಅದಕ್ಕೆ ಅರ್ಥವಾಗುವುದಿಲ್ಲ. ಆಮೇಲೆ ನಿಮಗೆ ಹೇಳುತ್ತೇನೆ, ಇಬ್ಬರಿಗೂ ಒಟ್ಟಿಗೆ, ಒಂದೇ ಜಾಗದಲ್ಲಿ ಕೂತಿದ್ದರೆ ಮಾತ್ರ. ಅಲ್ಲಿಯವರೆಗೆ ಇಬ್ಬರೂ ಹೊಟ್ಟೆ ಉರಿದುಕೊಂಡಿರಿ.

ಗೌರಿ